ಬೆನ್ನಟ್ಟುವ ಸ್ಪ್ಯಾನಿಯೆಲ್‌ಗೆ ಹಗ್ಗವೋ, ಸೀಟಿಯೋ, ಕರೆಂಟ್ ಪಟ್ಟಿಯೋ?

ಬೆಳೆದ ಸ್ಪ್ಯಾನಿಯೆಲ್‌ಗೆ ಹಕ್ಕಿ, ಮೊಲಗಳ ಹಿಂದೆ ಓಡುವ ಚಟ ಬಿಡಿಸಲು ನಾನು ಹಿಡಿದ ದಾರಿಗಳಲ್ಲಿ ಉದ್ದ ಹಗ್ಗಕ್ಕೆ ಮೊದಲ ಸ್ಥಾನ, ಸೀಟಿಗೆ ಎರಡನೆಯದು, ಕೊರಳಿಗೆ ಶಾಕ್ ಕೊಡುವ ಕರೆಂಟ್ ಪಟ್ಟಿಗೆ ಕೊನೆಯದು. ಊರಿನವರು ಹೇಳಿದ ಕೊರಡಿಗೆ ಸ್ಥಾನವೇ ಇಲ್ಲ. ಆತುರದಲ್ಲಿರುವವರು ಇಷ್ಟು ಓದಿ ಎದ್ದು ಹೋಗಬಹುದು. ಕಾರಣ ಬೇಕಾದವರು ಕುಳಿತುಕೊಳ್ಳಿ.

ಜೂಲಿ ನಮ್ಮಲ್ಲಿಗೆ ಬಂದಾಗ ಅವಳಿಗೆ ನಾಲ್ಕು ವರ್ಷ ದಾಟಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸೋಫಾದ ಮೇಲೆ ಬೆಳೆದ ಕಾಕರ್ ಸ್ಪ್ಯಾನಿಯೆಲ್. ನಮ್ಮ ತೋಟ ತುಮಕೂರು ತಾಲ್ಲೂಕಿನಲ್ಲಿ, ದೇವರಾಯನದುರ್ಗದ ಕಾಡಿಗೆ ಹತ್ತಿರ. ತೆಂಗು, ಒಂದಿಷ್ಟು ಅಡಿಕೆ, ಮಳೆಗಾಲದಲ್ಲಿ ರಾಗಿ, ಬದುವಿನ ಉದ್ದಕ್ಕೂ ಲಂಟಾನ. ನವಿಲು, ಗೌಜಲಹಕ್ಕಿ, ಮೊಲ ಯಾವುದಕ್ಕೂ ಬರವಿಲ್ಲ. ಬಂದ ವಾರದೊಳಗೆ ಅವಳ ಮೂಗು ನೆಲಕ್ಕೆ ಅಂಟಿತು, ಮೋಟು ಬಾಲ ಪಟಪಟನೆ ಬಡಿಯತೊಡಗಿತು, ಕಿವಿ ಎರಡೂ ಕೆಲಸ ನಿಲ್ಲಿಸಿದವು. ಕುರಿಮಂದೆಯನ್ನೂ ಅವಳು ಬಿಡಲಿಲ್ಲ. ಕುರಿ ಕಾಯುವವನು ಬೇಲಿಯಾಚೆ ನಿಂತು ಬಹಳ ಮರ್ಯಾದೆಯಿಂದಲೇ ಹೇಳಿದ: “ಮೇಷ್ಟ್ರೇ, ನಿಮ್ಮ ನಾಯಿ ಕಚ್ಚುವುದಿಲ್ಲ ಎಂಬುದು ನನಗೆ ಗೊತ್ತು. ಕುರಿಗೆ ಗೊತ್ತಿಲ್ಲವಲ್ಲ.” ಗಬ್ಬದ ಕುರಿ ಬೆದರಿ ಓಡಿದರೆ ಕಂದು ಹಾಕಬಹುದು ಎಂಬ ಭಯ ಅವನದು. ನ್ಯಾಯವಾದ ಭಯವೇ.

ಈ ತಳಿಯನ್ನು ಇಂಗ್ಲೆಂಡಿನವರು ಬೆಳೆಸಿದ್ದು ಪೊದೆಯೊಳಗೆ ನುಗ್ಗಿ ಹಕ್ಕಿಯನ್ನು ಎಬ್ಬಿಸುವುದಕ್ಕೆ. ವುಡ್‌ಕಾಕ್ ಎಂಬ ಹಕ್ಕಿಯ ಬೇಟೆಗೆ ಬಳಸುತ್ತಿದ್ದುದರಿಂದ ಕಾಕರ್ ಎಂಬ ಹೆಸರು ಬಂತು. ಅಲ್ಲಿಯ ಬೇಟೆ ಬಯಲಿನಲ್ಲಿ ಈ ನಾಯಿ ಬಂದೂಕಿನ ಗುರಿ ಮುಟ್ಟುವಷ್ಟು ದೂರದೊಳಗೇ ಎಡಕ್ಕೂ ಬಲಕ್ಕೂ ಅಡ್ಡಾಡಿ ಮೂಸಬೇಕು, ಹಕ್ಕಿ ಎದ್ದ ಕೂಡಲೇ ಕುಕ್ಕರಿಸಬೇಕು, ಅಪ್ಪಣೆಯಾಗುವ ತನಕ ಅಲುಗಬಾರದು. ಎಬ್ಬಿಸುವುದು ರಕ್ತದಲ್ಲಿ ಬಂದದ್ದು, ಕೂರುವುದು ಕಲಿಸಿದ ವಿದ್ಯೆ. ಜೂಲಿಗೆ ಮೊದಲನೆಯದು ಮಾತ್ರ ಬರುತ್ತಿತ್ತು. ಅಲ್ಲಿ ಮರಿಯಾಗಿದ್ದಾಗಲೇ ಪಾಠ ಶುರು ಮಾಡುತ್ತಾರೆ, ಬೇಲಿ ಹಾಕಿದ ಆವರಣದಲ್ಲಿ ಮೊಲಗಳನ್ನು ಬಿಟ್ಟು ಅವುಗಳ ನಡುವೆ ನಾಯಿಗೆ ಸುಮ್ಮನಿರುವುದನ್ನು ಅಭ್ಯಾಸ ಮಾಡಿಸುತ್ತಾರೆ. ನಮ್ಮಲ್ಲಿ ಆ ಅನುಕೂಲವಿಲ್ಲ, ವಯಸ್ಸೂ ಮೀರಿತ್ತು.

ಇನ್ನೊಂದು ತೊಡಕು ಇದೆ. ನವಿಲು ಜೂಲಿಯ ಬಾಯಿಗೆ ಎಂದೂ ಸಿಕ್ಕಿಲ್ಲ, ಸಿಗುವುದೂ ಇಲ್ಲ. ಆದರೂ ಓಡುತ್ತಾಳೆ, ಏಕೆಂದರೆ ಅವಳಿಗೆ ಓಟವೇ ಸಂಬಳ. ಹಿಂತಿರುಗಿ ಬಂದ ಮೇಲೆ ಬೈದರೆ ಹಿಂತಿರುಗಿದ್ದಕ್ಕೆ ಬೈದಂತಾಗುತ್ತದೆ, ಜೇಬಿನ ಬಿಸ್ಕತ್ತು ಆ ಸಂಬಳಕ್ಕೆ ಸಾಟಿಯಲ್ಲ. ಆದ್ದರಿಂದ ಪ್ರತಿಯೊಂದು ಉಪಾಯವನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆದೆ: ಇದು ಆ ಸಂಬಳವನ್ನು ತಡೆಯುತ್ತದೆಯೇ?

ಊರಿನ ಉಪಾಯ ಕೊರಡು. ತುಡುಗು ದನದ ಕೊರಳಿಗೆ ಮರದ ಕೊರಡು ಕಟ್ಟುತ್ತಾರಲ್ಲ, ಓಡಿದರೆ ಮುಂಗಾಲಿಗೆ ಬಡಿಯಲಿ ಎಂದು, ಅದೇ. ಹಗುರವಾದ ತುಂಡೊಂದನ್ನು ಕಟ್ಟಿ ನೋಡಿದೆವು. ಸ್ಪ್ಯಾನಿಯೆಲ್‌ನ ಗಿಡ್ಡ ಕಾಲಿಗೆ ಅದು ನಡೆಯುವಾಗಲೂ ಬಡಿಯುತ್ತಿತ್ತು, ಲಂಟಾನದಲ್ಲಿ ಸಿಕ್ಕಿಕೊಂಡಾಗ ಕೊರಳು ಬಿಗಿಯಿತು. ಅಂದೇ ಬಿಚ್ಚಿ ಒಲೆಗೆ ಹಾಕಿದೆ. ಗರ್ಭಕೋಶ ತೆಗೆಸಿದರೆ ತಣ್ಣಗಾಗುತ್ತಾಳೆ ಎಂದವರೂ ಇದ್ದರು. ಅದನ್ನು ಬೇರೆ ಕಾರಣಕ್ಕೆ ಮೊದಲೇ ಮಾಡಿಸಲಾಗಿತ್ತು. ಬೇಟೆಯ ಆಸೆಗೂ ಅದಕ್ಕೂ ನಂಟಿಲ್ಲ ಎಂಬುದಕ್ಕೆ ಜೂಲಿಯೇ ಸಾಕ್ಷಿ.

ಕರೆಂಟ್ ಪಟ್ಟಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಆನ್‌ಲೈನಿನಲ್ಲಿ ಸುಲಭವಾಗಿ ಸಿಗುವುದರಿಂದ ಎಲ್ಲರ ಕೈ ಮೊದಲು ಅದಕ್ಕೇ ಹೋಗುತ್ತದೆ. ಪರಿಚಯದವರೊಬ್ಬರಿಂದ ಎರವಲು ತಂದೆ. ಕೊರಳಪಟ್ಟಿಯಲ್ಲಿ ಎರಡು ಲೋಹದ ಮೊಳೆ, ನಮ್ಮ ಕೈಯಲ್ಲಿ ರಿಮೋಟ್. ಮೊದಲ ತೊಂದರೆ ಕೂದಲಿನದು. ಸ್ಪ್ಯಾನಿಯೆಲ್‌ನ ಕೊರಳ ಸುತ್ತ ದಟ್ಟ ಕೂದಲು, ಮೊಳೆ ಚರ್ಮಕ್ಕೆ ತಾಗುವುದಿಲ್ಲ. ತಾಗಲಿ ಎಂದು ಬಿಗಿದರೆ ಹುಣ್ಣು, ಮಟ್ಟ ಏರಿಸಿದರೆ ತಾಗಿದ ದಿನ ಕಿರುಚಾಟ. ಎರಡನೆಯದು ಹೊತ್ತಿನ ತೊಂದರೆ. ಐವತ್ತು ಮೀಟರ್ ದೂರದಲ್ಲಿ, ಪೊದೆಯ ಮರೆಯಲ್ಲಿರುವ ನಾಯಿ ಗುಂಡಿ ಒತ್ತಿದ ಕ್ಷಣದಲ್ಲಿ ಏನನ್ನು ನೋಡುತ್ತಿದೆ ಎಂದು ಯಾರಿಗೆ ತಿಳಿಯುತ್ತದೆ? ಜೂಲಿ ಆ ನೋವನ್ನು ನವಿಲಿನ ಲೆಕ್ಕಕ್ಕೆ ಬರೆಯಲಿಲ್ಲ, ಪಕ್ಕದಲ್ಲಿದ್ದ ಪಂಪ್‌ಹೌಸಿನ ಲೆಕ್ಕಕ್ಕೆ ಬರೆದಳು. ಆಮೇಲೆ ಬಹಳ ದಿನ ಆ ಕಡೆ ಕಾಲಿಡಲಿಲ್ಲ. ನವಿಲನ್ನು ಬೇರೆ ದಾರಿಯಿಂದ ಅಟ್ಟಿದಳು.

ಪಟ್ಟಿಯ ಪರ ಮಾತನಾಡುವವರ ಬಳಿ ಆಧಾರ ಇಲ್ಲವೆಂದಲ್ಲ. 2024ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಯಂತ್ರ ಎಳೆಯುವ ನಕಲಿ ಬೇಟೆಯ ಹಿಂದೆ ಓಡುತ್ತಿದ್ದ ನಾಯಿಗಳನ್ನು ಪಟ್ಟಿ ಬೇಗ ನಿಲ್ಲಿಸಿತು, ತಿಂಡಿ ಕೊಟ್ಟು ಕಲಿಸಿದ ಗುಂಪುಗಳು ನಿಲ್ಲಲಿಲ್ಲ. ಆದರೆ ಅದು ಬಯಲಿನಲ್ಲಿ ಕಣ್ಣೆದುರಿಗೆ ನಡೆದ ಕೆಲಸ, ಪಟ್ಟಿ ಹಿಡಿದವರು ಪಳಗಿದವರು, ನಾಯಿಗಳೂ ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದವು 63 ಸಾಕುನಾಯಿಗಳು, ಕರೆದರೆ ಬಾರದವು, ಕುರಿಗಳನ್ನು ಅಟ್ಟುವವು. ಅಲ್ಲಿ ಬಹುಮಾನದ ಕಲಿಕೆಗಿಂತ ಪಟ್ಟಿ ಮೇಲು ಎಂದು ತೋರಲಿಲ್ಲ. ವೇಲ್ಸ್ 2010ರಲ್ಲೇ ಇದನ್ನು ನಿಷೇಧಿಸಿದೆ. ಹಾವಿನ ಹುತ್ತದ ಹತ್ತಿರ ಹೋಗುವುದನ್ನು ತಪ್ಪಿಸಬೇಕಾದ ಕೊನೆಯ ಗತಿಯಲ್ಲಿ, ಬಲ್ಲವರ ಕೈಯಲ್ಲಿ ಅದಕ್ಕೊಂದು ಜಾಗ ಇರಬಹುದು. ನನ್ನ ತೋಟದ ಪೊದೆಗಳ ನಡುವೆ ಇಲ್ಲ.

ಹಗ್ಗ ಇದಕ್ಕಿಂತ ಸಾವಿರ ಪಾಲು ನೀರಸ. ಅದರ ಗುಣವೂ ಅದೇ. ಮಂಡಿಪೇಟೆಯಿಂದ ಹತ್ತು ಮೀಟರ್ ಚಪ್ಪಟೆ ನೈಲಾನ್ ಪಟ್ಟಿ ತಂದು ಒಂದು ತುದಿಗೆ ಕೊಕ್ಕೆ ಹೊಲಿಸಿದೆ. ದುಂಡು ಹಗ್ಗ ಬೇಡ, ಓಟದಲ್ಲಿ ಅಂಗೈಯ ಚರ್ಮ ಸುಲಿಯುತ್ತದೆ. ಕೊಕ್ಕೆಯನ್ನು ಕೊರಳಪಟ್ಟಿಗೆ ಹಾಕದೆ ಎದೆಪಟ್ಟಿಗೇ ಹಾಕಬೇಕು, ಪೂರ್ತಿ ವೇಗದಲ್ಲಿ ಓಡುವ ನಾಯಿ ತಟ್ಟನೆ ನಿಂತರೆ ಕೊರಳಿನ ಮೂಳೆಗೆ ಪೆಟ್ಟು. ಇನ್ನೊಂದು ತುದಿಯಲ್ಲಿ ಗಂಟು, ಕುಣಿಕೆ ಏನೂ ಇರಬಾರದು, ಇದ್ದರೆ ತೆಂಗಿನ ಬುಡದ ಬೇರಿಗೋ ಪೊದೆಗೋ ಸಿಕ್ಕಿಕೊಳ್ಳುತ್ತದೆ. ಕೈಗೆ ಸುತ್ತಿಕೊಳ್ಳದೆ ನೆಲದ ಮೇಲೆ ಎಳೆದಾಡಲು ಬಿಟ್ಟು, ಬೇಕಾದಾಗ ಕಾಲಿನಿಂದ ತುಳಿದರೆ ಸಾಕು.

ಹಗ್ಗ ಏನನ್ನೂ ಕಲಿಸುವುದಿಲ್ಲ. ಓಟ ಕೈಗೂಡದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಆದರೆ ಮಿಕ್ಕ ಪಾಠಗಳೆಲ್ಲ ನಿಲ್ಲುವುದು ಆ ಅಷ್ಟರ ಮೇಲೆ. ಒಂದು ಭಾನುವಾರ ನೆಂಟರ ಮಕ್ಕಳು ಹಗ್ಗ ಬಿಚ್ಚಿಬಿಟ್ಟರು, ಜೂಲಿ ಮೊಲವೊಂದನ್ನು ಎರಡು ಹೊಲ ದಾಟಿಸಿ ಬಂದಳು, ಮರುದಿನದಿಂದ ಸೀಟಿಯ ಪಾಠ ಅಂಗಳದಿಂದ ಮತ್ತೆ ಶುರು. ಚಟ ಹತ್ತಿದ ನಾಯಿಗೆ ಅಪರೂಪಕ್ಕೆ ಸಿಗುವ ಒಂದು ಓಟ ದಿನಾ ಸಿಗುವುದಕ್ಕಿಂತ ಬಲವಾಗಿ ನಾಟುತ್ತದೆ. ಇಸ್ಪೀಟಾಡುವವರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಗ್ಗದ ದೋಷವೆಂದರೆ ಅದು ಮೈಮೇಲಿದೆಯೋ ಇಲ್ಲವೋ ಎಂಬುದು ನಾಯಿಗೆ ಚೆನ್ನಾಗಿ ಗೊತ್ತು. ಒಮ್ಮೆಗೇ ಬಿಚ್ಚಿದರೆ ಅಂದಿಗೆ ಶಿಸ್ತು ಮುಗಿಯಿತು. ಅದಕ್ಕೆ ಹಗ್ಗವನ್ನು ಸ್ವಲ್ಪಸ್ವಲ್ಪವಾಗಿ ಕತ್ತರಿಸುತ್ತಾ ಬರಬೇಕು. ಈಗ ಜೂಲಿಯ ಎದೆಪಟ್ಟಿಯಿಂದ ಮೊಣಕೈ ಉದ್ದದ ತುಂಡು ಜೋತಾಡುತ್ತದೆ, ಇಡೀ ಹಗ್ಗ ಇನ್ನೂ ಹಿಂದೆಯೇ ಬರುತ್ತಿದೆ ಎಂದು ಅವಳು ನಂಬಿದ್ದಾಳೆ. ನಂಬಲಿ.

ಸೀಟಿಗೆ ಬರೋಣ. ಕಂಡಕ್ಟರ್ ಊದುವಂತಹ, ಒಳಗೆ ಗುಂಡು ಕುಣಿಯುವ ಸೀಟಿಯ ಸದ್ದು ಪ್ರತಿಸಲವೂ ಬೇರೆ ಬೇರೆ, ಅಲ್ಲದೆ ರಸ್ತೆಯಲ್ಲಿ ಬಸ್ಸು ಹೋದಾಗಲೆಲ್ಲ ನಾಯಿಗೆ ಗೊಂದಲ. ಸ್ಪ್ಯಾನಿಯೆಲ್‌ಗಳಿಗೆ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಬಳಸುವುದು ಆಕ್ಮೆ ಕಂಪನಿಯ 210.5 ಸಂಖ್ಯೆಯ ಪ್ಲಾಸ್ಟಿಕ್ ಸೀಟಿ. ಒಂದೇ ಸಂಖ್ಯೆಯವೆಲ್ಲ ಒಂದೇ ಸ್ವರ. ಒಂದು ಕಳೆದರೆ ಇನ್ನೊಂದು ತಂದರೂ ನಾಯಿಗೆ ವ್ಯತ್ಯಾಸ ತಿಳಿಯುವುದಿಲ್ಲ, ನಾನು ಊದಿದರೂ ನನ್ನ ಹೆಂಡತಿ ಊದಿದರೂ ಒಂದೇ. ಬೈಗುಳವಾದರೋ ನಮ್ಮಿಬ್ಬರದು ಬೇರೆ ಬೇರೆ. ಉದ್ದಕ್ಕೆ ಒಂದು ಊದಿದರೆ ಕೂರು, ತುಂಡುತುಂಡಾಗಿ ಊದಿದರೆ ಬಾ.

ಕೂರುವ ಪಾಠ ಅನ್ನದ ತಟ್ಟೆಯ ಮುಂದೆ ಶುರುವಾಯಿತು, ಆಮೇಲೆ ಅಂಗಳ, ಆಮೇಲೆ ಎಸೆದ ಚೆಂಡು, ಆಮೇಲೆ ತಂತಿಬಲೆಯ ಆಚೆ ನಾಟಿ ಕೋಳಿ, ಕೊನೆಗೆ ದೂರದ ಕುರಿಮಂದೆ. ಕುರಿ ಕಾಯುವವನೇ ಇದಕ್ಕೆ ಒಪ್ಪಿ, ಮಂದೆಯನ್ನು ಹೊಲದ ಆ ತುದಿಯಲ್ಲಿ ಮೇಯಿಸಿದ. ಗುಟ್ಟು ಇರುವುದು ದೂರದಲ್ಲಿ. ನಾಯಿ ಮಂದೆಯನ್ನು ಕಂಡಿರಬೇಕು, ಆದರೆ ಕೈಯಲ್ಲಿರುವ ಬೇಯಿಸಿದ ಕೋಳಿ ಈಲಿಯನ್ನು ತಿನ್ನುವಷ್ಟು ಎಚ್ಚರ ಉಳಿದಿರಬೇಕು. ಈಲಿಯನ್ನೂ ಮೂಸದೆ ನೆಟ್ಟನೋಟದಲ್ಲಿ ನಿಂತರೆ ತೀರಾ ಹತ್ತಿರ ಬಂದಿದ್ದೀರಿ ಎಂದರ್ಥ, ಹಿಂದಕ್ಕೆ ನಡೆಯಿರಿ. ಸೀಟಿ ಗೆಲ್ಲುವುದು ಓಟಕ್ಕೆ ಮುಂಚಿನ ಆ ಅರೆಗಳಿಗೆಯಲ್ಲಿ. ಕಾಲು ಕಿತ್ತ ಮೇಲೆ ಊದುವುದು ನಮ್ಮ ಸಮಾಧಾನಕ್ಕೆ.

ಸೀಟಿಗೆ ಕೂತ ಮೇಲೆ ಕೊಡುವ ಬಹುಮಾನ ಈಲಿಯಾಗಿದ್ದಷ್ಟು ಕಾಲ ಜೂಲಿ ಚೌಕಾಸಿ ಮಾಡುತ್ತಿದ್ದಳು. ಬೇಟೆಯನ್ನೇ ಬಹುಮಾನ ಮಾಡಿದಾಗ ಚೌಕಾಸಿ ನಿಂತಿತು. ನಾಯಿ ಹೆಚ್ಚು ಬಯಸುವ ಕೆಲಸವನ್ನೇ, ಕಡಿಮೆ ಬಯಸುವ ಕೆಲಸಕ್ಕೆ ಕೂಲಿಯಾಗಿ ಕೊಡಬಹುದು ಎಂಬುದು ಡೇವಿಡ್ ಪ್ರಿಮ್ಯಾಕ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರ ಹೆಸರಿನಲ್ಲಿ ಪ್ರಸಿದ್ಧವಾದ ತತ್ತ್ವ. ನವಿಲು ಎದ್ದಿತು, ಸೀಟಿ, ಕೂತಳು. ಕೂಡಲೇ ನವಿಲು ಹೋದ ದಿಕ್ಕಿಗೆ ಬೆನ್ನಾಗುವಂತೆ ಒಣಹುಲ್ಲಿನೊಳಗೆ ಟೆನ್ನಿಸ್ ಚೆಂಡು ಎಸೆದು ಹುಡುಕಲು ಕಳುಹಿಸುತ್ತೇನೆ. ಮೂಗಿಗೆ ಕೆಲಸ, ಬಾಯಿಗೆ ಹಿಡಿಯಲು ವಸ್ತು. ಬರಿಯ ಚೆಂಡಾಟವನ್ನೇ ಮದ್ದೆಂದು ಹೇಳುವವರ ಮಾತು ಮಾತ್ರ ಒಪ್ಪಲಾರೆ, ಸೀಟಿಯಿಲ್ಲದ ಚೆಂಡು ಓಡುವ ಹುಚ್ಚನ್ನು ಹೆಚ್ಚಿಸಿತು. ಹುಲ್ಲಿನಿಂದ ಬಂದ ಮೇಲೆ ಆ ಜೋಲುಗಿವಿಗಳ ಒಳಗೂ ಬೆರಳುಸಂದಿಯಲ್ಲೂ ಮುಳ್ಳುಬೀಜ, ಉಣ್ಣಿ ಹುಡುಕುವ ಕೆಲಸ ನಮ್ಮದು.

ಅಷ್ಟಾದರೂ ಮೊಲದ ವಿಷಯದಲ್ಲಿ ಸೀಟಿಯನ್ನು ನಾನು ನಂಬುವುದಿಲ್ಲ. ಹಕ್ಕಿ ಹಾರಿ ಕಣ್ಮರೆಯಾಗುತ್ತದೆ, ಮೊಲ ಮೂಗಿನ ಮುಂದೆಯೇ ಓಡುತ್ತದೆ. ಸಂಜೆ ಮೊಲ ಹೊರಡುವ ಹೊತ್ತಿಗೆ ಉದ್ದ ಹಗ್ಗ ಮತ್ತೆ ಏರುತ್ತದೆ. ಅದು ಚಿರತೆ ಓಡಾಡುವ ಹೊತ್ತೂ ಹೌದು, ಈ ಭಾಗದಲ್ಲಿ ಅದಕ್ಕೆ ನಾಯಿ ಸುಲಭದ ತುತ್ತು. ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ಬೆನ್ನಟ್ಟಿಸುವುದೂ ಸೋವುವುದೂ ಬೇಟೆಯೇ. ನವಿಲು ಆ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳನ್ನು ನೋಡಲು ಹೋಗುವವರು ಯಾವ ನಾಯಿಯನ್ನೂ, ಎಷ್ಟೇ ಕಲಿತದ್ದಾದರೂ, ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು.

ಮುಧೋಳ ನಾಯಿ ಸಾಕಿದ ಗೆಳೆಯರು ಇದೇ ಕ್ರಮ ತಮಗೂ ಆದೀತೇ ಎಂದು ಕೇಳುತ್ತಾರೆ. ಸ್ಪ್ಯಾನಿಯೆಲ್ ಮೂಗಿನ ನಾಯಿ, ಮೂಸುತ್ತಾ ಹೋಗುವಾಗ ಬಾಲದ ಬಡಿತವೇ ನಮಗೆ ಮುನ್ಸೂಚನೆ ಕೊಡುತ್ತದೆ, ಸೀಟಿ ಬಾಯಿಗಿಡಲು ಬಿಡುವು ಸಿಗುತ್ತದೆ. ಮುಧೋಳ ಕಣ್ಣಿನ ನಾಯಿ. ಕಂಡದ್ದೇ ತಡ, ಸೀಟಿಗೆ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅದು ಮುಂದಿನ ಹೊಲದಲ್ಲಿರುತ್ತದೆ. ಅದನ್ನು ಹತ್ತು ಮೀಟರ್ ಹಗ್ಗದಲ್ಲಿ ಪೂರ್ತಿ ವೇಗ ಹಿಡಿಯಲು ಬಿಟ್ಟರೆ ನಾಯಿಗೂ ಹಿಡಿದವರಿಗೂ ಪೆಟ್ಟು. ಅಂಥವರಿಗೆ ನನ್ನ ಸಲಹೆ ಗಿಡ್ಡ ಹಗ್ಗ ಮತ್ತು ಬೇಲಿ, ಬೇಲಿಯ ಎತ್ತರ ಆರು ಅಡಿಗೆ ಕಡಿಮೆ ಬೇಡ.