ಗೋಳಗುಮ್ಮಟ ನೋಡಿಯಾದ ಮೇಲೆ: ವಿಜಯಪುರದ ತೋಪು, ಬುರುಜು ಮತ್ತು ಗಾಂಧಿ ಚೌಕದ ರಾತ್ರಿ

ವಿಜಯಪುರಕ್ಕೆ ಬರುವ ಪ್ರವಾಸಿ ಬಸ್ಸುಗಳಲ್ಲಿ ಹೆಚ್ಚಿನವು ಗೋಳಗುಮ್ಮಟವನ್ನೂ ಇಬ್ರಾಹಿಂ ರೋಜಾ ಎಂಬ ಗೋರಿಯನ್ನೂ ತೋರಿಸಿ, ಕತ್ತಲಾಗುವ ಮೊದಲೇ ಬಾದಾಮಿಯ ದಾರಿ ಹಿಡಿಯುತ್ತವೆ. ಆದರೆ ಊರಿನ ವಿಚಿತ್ರಗಳೆಲ್ಲ ಇವೆರಡರ ನಡುವೆ, ಪಶ್ಚಿಮದ ಕೋಟೆಗೋಡೆಯಿಂದ ಗಾಂಧಿ ಚೌಕದವರೆಗಿನ ಭಾಗದಲ್ಲಿವೆ. ಒಂದು ರಾತ್ರಿ ಇಲ್ಲಿ ತಂಗುವವರಿಗೆ ಅದೇ ಭಾಗವನ್ನು, ಅದರಲ್ಲಿಯೂ ಸಂಜೆಯ ಹೊತ್ತಿನಲ್ಲಿ ಸುತ್ತಬೇಕೆಂದು ನಾನು ಹೇಳುತ್ತೇನೆ.

ಮೊದಲು ನೋಡಬೇಕಾದದ್ದು ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ಈ ತೋಪಿನ ಬಾಯಿ ಸಿಂಹದ ಮುಖದಂತಿದ್ದು, ಆ ಸಿಂಹದ ದವಡೆಗಳ ನಡುವೆ ಪುಟ್ಟದೊಂದು ಆನೆ ನಜ್ಜುಗುಜ್ಜಾಗುತ್ತಿರುವುದನ್ನು ಬಗ್ಗಿ ನೋಡಿದವರು ಮಾತ್ರ ಕಾಣುತ್ತಾರೆ. ತೋಪಿನ ಮೇಲೆ ಕೈಯಿಟ್ಟು ಚಿತ್ರ ತೆಗೆಸಿಕೊಂಡು ಹೋಗುವವರಿಗೆ ಅದು ಕಾಣುವುದಿಲ್ಲ. ಪರಾಂಡಾ ಕೋಟೆಯಿಂದ 1632ರಲ್ಲಿ ಇದನ್ನು ಗೆಲುವಿನ ಕುರುಹಾಗಿ ಎಳೆದು ತರಲು ಹತ್ತು ಆನೆಗಳೂ ನಾನೂರು ಎತ್ತುಗಳೂ ಬೇಕಾದವೆಂಬ ಪ್ರತೀತಿಯಿದೆ. ಅಷ್ಟು ಕಷ್ಟದಿಂದ ತಂದ ತೋಪು 1854ರಲ್ಲಿ ಬ್ರಿಟಿಷರ ಕಾಲದ ಹರಾಜಿನಲ್ಲಿ ಕೇವಲ 150 ರೂಪಾಯಿಗೆ ಕೂಗಲ್ಪಟ್ಟಿತು. ಆ ಮಾರಾಟ ಮುಂದೆ ರದ್ದಾದ್ದರಿಂದಲೇ ನಮಗೆ ಅದು ಉಳಿದಿದೆ. ಉರಿಬಿಸಿಲಿನಲ್ಲಿಯೂ ಲೋಹ ತಣ್ಣಗಿರುತ್ತದೆಂದು ಎಲ್ಲರೂ ಹೇಳುವುದುಂಟು; ನಂಬುವವರು ಏಪ್ರಿಲ್ ಮಧ್ಯಾಹ್ನದಲ್ಲಿ ಬಂದು ಮುಟ್ಟಿ ನೋಡಲಿ.

ಅಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಉಪ್ಪಲಿ ಬುರುಜು ಇದೆ. ಸುಮಾರು 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ, 80 ಅಡಿ ಎತ್ತರದ ಈ ದುಂಡನೆಯ ಗೋಪುರ ಕೋಟೆಗೋಡೆಗೆ ಅಂಟಿಕೊಳ್ಳದೆ ಒಂಟಿಯಾಗಿ ನಿಂತಿದ್ದು, ಮೆಟ್ಟಿಲುಗಳು ಅದರ ಹೊರಮೈಯನ್ನು ಸುತ್ತಿಕೊಂಡೇ ಮೇಲೇರುತ್ತವೆ. ಮೊಣಕಾಲು ನೋವಿರುವವರಿಗೆ ಈ ಹತ್ತುವಿಕೆ ಹಿತವೆನಿಸದು. ಹತ್ತಬಲ್ಲವರು ಸೂರ್ಯ ಮುಳುಗುವುದಕ್ಕೆ ಅರ್ಧ ತಾಸು ಮೊದಲೇ ಮೇಲಿರಬೇಕು; ಪೂರ್ವಕ್ಕೆ ಗೋಳಗುಮ್ಮಟ, ಪಶ್ಚಿಮಕ್ಕೆ ಇಬ್ರಾಹಿಂ ರೋಜಾದ ಮಿನಾರುಗಳು, ನಡುವೆ ಮನೆಗಳ ಮಾಳಿಗೆ ಮತ್ತು ನೀರಿನ ಟಾಕಿಗಳು ಒಂದೇ ನೋಟಕ್ಕೆ ಸಿಗುವ ಜಾಗ ಊರಿನಲ್ಲಿ ಇದಕ್ಕಿಂತ ಚೆನ್ನಾದದ್ದು ನನಗೆ ಗೊತ್ತಿಲ್ಲ. ನೆತ್ತಿಯಲ್ಲಿರುವ ಉದ್ದನೆಯ ತೋಪಿನ ಅಳತೆ ಮೂವತ್ತು ಅಡಿಗೂ ಹೆಚ್ಚು. ಇಳಿಯುವಾಗ ಮೊಬೈಲ್ ಬೆಳಕನ್ನು ನಂಬಿಕೊಳ್ಳುವ ಬದಲು, ಕತ್ತಲು ಕವಿಯುವ ಮೊದಲೇ ಕೆಳಗಿಳಿಯುವುದು ಒಳ್ಳೆಯದು.

ಚೌಕದ ಕಡೆ ಬರುವಾಗ ಬಾರಾ ಕಮಾನಿನ ಬಳಿ ಸ್ವಲ್ಪ ನಿಲ್ಲಬೇಕು. ತಂದೆಯ ಗೋಳಗುಮ್ಮಟವನ್ನು ಮೀರಿಸುವ ಗೋರಿಯನ್ನು ಕಟ್ಟಿಸಹೊರಟ ಇಲ್ಲಿನ ದೊರೆ ಎರಡನೆಯ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡ ಕಾರಣ, ಛಾವಣಿಯಿಲ್ಲದ ಕಪ್ಪು ಕಲ್ಲಿನ ಕಮಾನುಗಳಷ್ಟೇ ಉಳಿದಿವೆ. ಇದರ ನೆರಳು ಗುಮ್ಮಟದ ಮೇಲೆ ಬಿದ್ದೀತೆಂದು ಕೆಲಸ ನಿಲ್ಲಿಸಿದರೆಂಬ ಕಥೆಯನ್ನು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಊರಿನ ಇಷ್ಟು ಅಗಲವನ್ನು ದಾಟುವ ನೆರಳು ಎಂಥದೋ! ದೊರೆ ಸತ್ತು ಹದಿನಾಲ್ಕು ವರ್ಷಗಳಲ್ಲಿಯೇ, 1686ರಲ್ಲಿ, ರಾಜ್ಯವೇ ಔರಂಗಜೇಬನ ವಶವಾಯಿತು ಎಂಬ ಸಂಗತಿಯೇ, ಕೆಲಸ ಮುಂದುವರಿಯದಿದ್ದುದಕ್ಕೆ ಕಾರಣವೆಂದು ನನಗೆ ಹೆಚ್ಚು ಸರಿಯೆನಿಸುತ್ತದೆ. ಮುಸ್ಸಂಜೆಯ ಬೆಳಕಿನಲ್ಲಿ ಈ ಕಮಾನುಗಳು ಹಗಲಿಗಿಂತ ಚೆನ್ನಾಗಿ ಕಾಣುತ್ತವೆ.

ರಾತ್ರಿಯ ಬದುಕೆಂದರೆ ಸಂಗೀತ, ಕುಣಿತ, ತಡರಾತ್ರಿಯ ಗದ್ದಲ ಎಂದು ಬಯಸುವವರಿಗೆ ಗಾಂಧಿ ಚೌಕ ನಿರಾಶೆಯನ್ನೇ ಕೊಡುತ್ತದೆ. ಇಲ್ಲಿನ ರಾತ್ರಿ ಎಂದರೆ ತಿನ್ನುವುದು ಮತ್ತು ಪೇಟೆ ತಿರುಗುವುದು. ಲಾಲ್ ಬಹದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಸುತ್ತ ಜನ ನೆರೆಯುವ ಹೊತ್ತಿನಲ್ಲಿ ಬಂಡಿಗಳ ಮೇಲೆ ಮಂಡಕ್ಕಿಯ ಗಿರಮಿಟ್ಟು ಕಲಸುತ್ತ, ಮಿರ್ಚಿ ಭಜಿ ಕರಿಯುತ್ತ ಇರುತ್ತಾರೆ. ಭಜಿಯನ್ನು ಬಾಣಲೆಯಿಂದ ತೆಗೆದ ಕ್ಷಣದಲ್ಲಿಯೇ ತಿನ್ನಬೇಕು, ಮೊದಲೇ ಕರಿದು ರಾಶಿ ಹಾಕಿದ್ದನ್ನು ಬೇಡವೆನ್ನಲು ಸಂಕೋಚಪಡಬಾರದು. ಊಟಕ್ಕೆ ಖಾನಾವಳಿಯೇ ಸರಿ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ ಬಡಿಸುವ ಎಲೆಯ ಮುಂದೆ ಪಟ್ಟಿ ಹಿಡಿದು ಬರುವ ಹೋಟೆಲುಗಳು ಸಪ್ಪೆ. ಆದರೆ ಖಾನಾವಳಿಗಳಲ್ಲಿ ರೊಟ್ಟಿ ಮುಗಿದರೆ ಮುಗಿಯಿತು, ತಡಮಾಡಿ ಹೋದವರಿಗೆ ಅನ್ನ ಸಾರೇ ಗತಿ.

ಕೊರತೆಗಳೂ ಇವೆ. ತೋಪಿನಿಂದ ಬುರುಜಿಗೆ ಹೋಗುವ ದಾರಿಯಲ್ಲಿ ಹೊಸಬರಿಗೆ ನೆರವಾಗುವ ಫಲಕಗಳು ಸಾಲದು, ಶುಚಿಯಾದ ಶೌಚಾಲಯ ಹುಡುಕುವುದು ಹೆಂಗಸರಿಗೆ ನಿಜಕ್ಕೂ ತೊಂದರೆಯ ಸಂಗತಿ. ಟಾಂಗಾ ಹತ್ತುವವರು ಬಾಡಿಗೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಸಂಕ್ರಾಂತಿಯ ಸುಮಾರಿಗೆ ನಡೆಯುವ ಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಮಾತ್ರ ಈ ಭಾಗ ಬೇರೆಯೇ ಊರಾಗುತ್ತದೆ: ನಂದಿಧ್ವಜಗಳ ಮೆರವಣಿಗೆ, ಮದ್ದು ಸುಡುವ ರಾತ್ರಿ, ಸುತ್ತಲ ಹಳ್ಳಿಗಳಿಂದ ಬಂದ ಜನ. ಆಗ ಬರುವವರು ವಸತಿಯನ್ನು ಬಹಳ ಮುಂಚೆಯೇ ಕಾಯ್ದಿರಿಸಬೇಕು, ಚೌಕದ ಸಮೀಪದ ಕೋಣೆಗಳೇ ಎಲ್ಲಕ್ಕಿಂತ ಮೊದಲು ತುಂಬುತ್ತವೆ.