ಪೌಡರ್ ಇನ್‌ಹೇಲರಾ, ಬರೀ ಸ್ಪ್ರೇನಾ, ಸ್ಪೇಸರಾ? ನನ್ನ ಗಂಟಲಿನ ಲೆಕ್ಕ

ನಂಗೆ ಉಬ್ಬಸ, ಅಂದ್ರೆ ಆಸ್ತಮಾ. ಮೊದಲೇ ಹೇಳ್ಬಿಡ್ತೀನಿ, ನಾನು ಸ್ಪೇಸರ್ ಪಾರ್ಟಿ. ಸ್ಪೇಸರ್ ಅಂದ್ರೆ ಸ್ಪ್ರೇ ಇನ್‌ಹೇಲರ್‌ಗೂ ಬಾಯಿಗೂ ಮಧ್ಯೆ ಸಿಗಿಸೋ ಪ್ಲಾಸ್ಟಿಕ್ ಕೊಳವೆ. ಎರಡು ವರ್ಷದಲ್ಲಿ ಮೂರೂ ಥರ ಎಳೆದು ನೋಡಿದ್ದಾಯ್ತು: ಪೌಡರ್ ಇನ್‌ಹೇಲರ್, ಬರೀ ಸ್ಪ್ರೇ, ಆಮೇಲೆ ಅದೇ ಸ್ಪ್ರೇಗೆ ಸ್ಪೇಸರ್ ಸಿಗಿಸ್ಕೊಂಡು. ಒಳಗಿದ್ದ ಔಷಧಿ ಮೂರರಲ್ಲೂ ಅದೇ, ಶ್ವಾಸನಾಳದ ಊತ ಇಳಿಸೋ ಬುಡೆಸೊನೈಡ್ ಅನ್ನೋ ಸ್ಟೀರಾಯ್ಡ್, ಜೊತೆಗೆ ಶ್ವಾಸನಾಳ ಸಡಿಲ ಮಾಡೋ ಫಾರ್ಮೊಟೆರಾಲ್. ಆದ್ರೆ ಸೈಡ್ ಎಫೆಕ್ಟ್ ಮಾತ್ರ ಒಂದೊಂದ್ರಲ್ಲಿ ಒಂದೊಂದು ಥರ ಕಾಡ್ತು. ಔಷಧಿ ಒಂದೇ ಆದ್ರೂ ಅದು ಎಲ್ಲಿ ಹೋಗಿ ಅಂಟ್ಕೊಳ್ಳುತ್ತೆ ಅನ್ನೋದ್ರಲ್ಲೇ ಎಲ್ಲಾ ಇದೆ ಅಂತ ಗೊತ್ತಾಗೋ ಹೊತ್ತಿಗೆ ನಂದು ಧ್ವನಿ ಹೋಗಿತ್ತು.

ಪೌಡರ್ ಇನ್‌ಹೇಲರ್ ಮೊದಮೊದಲು ತುಂಬಾ ಇಷ್ಟ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ. ಜೇಬಲ್ಲಿ ಹಿಡಿಯುತ್ತೆ, ಒತ್ತೋದು ಎಳೆಯೋದು ಒಟ್ಟಿಗೆ ಮಾಡೋ ಕಸರತ್ತಿಲ್ಲ, ಜೋರಾಗಿ ಒಂದ್ಸಲ ಎಳೆದ್ರೆ ಆಯ್ತು. ಆದ್ರೆ ಆ ಜೋರಾಗಿ ಎಳೆಯೋದೇ ಅದರ ಷರತ್ತು, ಮೆಲ್ಲಗೆ ಎಳೆದ್ರೆ ಪುಡಿ ಸರಿಯಾಗಿ ಒಡೆಯಲ್ಲ, ಶ್ವಾಸಕೋಶಕ್ಕೆ ಹೋಗೋ ಬದ್ಲು ಬಾಯಲ್ಲೇ ಗಂಟಲಲ್ಲೇ ಕೂರುತ್ತೆ.

ಎರಡನೇ ತಿಂಗಳು ಶುರುವಾಯ್ತು ನೋಡಿ. ನಂದು ಪಾಠ ಮಾಡೋ ಕೆಲಸ, ದಿನಕ್ಕೆ ಐದು ಕ್ಲಾಸು. ಬೆಳಿಗ್ಗೆ ಸರಿಯಾಗೇ ಇರೋ ಧ್ವನಿ ಮೂರನೇ ಕ್ಲಾಸಿಗೆ ಬರೋ ಹೊತ್ತಿಗೆ ಗೊಗ್ಗರಾಗೋದು, ಐದನೇ ಕ್ಲಾಸಲ್ಲಿ ಬಾಯಿ ತೆಗೆದ್ರೆ ಬರೀ ಗಾಳಿ. ಹಿಂದಿನ ಬೆಂಚಿಂದ "ಮೇಡಂ, ಕೇಳಿಸ್ತಿಲ್ಲ" ಅನ್ನೋದು, ನಾನು ಇನ್ನಷ್ಟು ಕಿರುಚೋದು, ಅದು ಇನ್ನಷ್ಟು ಕಟ್ಟೋದು. ನೆಗಡಿ ಇರ್ಬೇಕು ಅಂದ್ಕೊಂಡು ಬಿಸಿನೀರು ಕುಡಿದಿದ್ದೇ ಕುಡಿದಿದ್ದು, ಮೂರು ವಾರ ಆದ್ರೂ ಮೂಗು ಸೋರ್ಲಿಲ್ಲ, ಜ್ವರ ಬರ್ಲಿಲ್ಲ, ಧ್ವನಿ ಮಾತ್ರ ವಾಪಸ್ ಬರ್ಲಿಲ್ಲ. ಆಮೇಲೊಂದಿನ ನಾಲಿಗೆ ಉರಿ ಅಂತ ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರೆ ಕೆನ್ನೆಯ ಒಳಗಡೆ, ಗಂಟಲ ಹತ್ರ ಎಲ್ಲಾ ಬಿಳಿ ಬಿಳಿ ಪೊರೆ. ಬ್ರಷ್ ಅಲ್ಲಿ ಉಜ್ಜಿದೆ, ಕೆಳಗಡೆ ಕೆಂಪಗೆ ಹಸಿ ಗಾಯ.

ಆಗ ಮಾಡಿದ್ದೇ ದೊಡ್ಡ ತಪ್ಪು. "ಸ್ಟೀರಾಯ್ಡ್ ಅಲ್ವಾ, ದೇಹ ಹಾಳ್ ಮಾಡ್ತಿದೆ" ಅಂತ ಯಾರಿಗೂ ಹೇಳ್ದೆ ನಿಲ್ಲಿಸ್ಬಿಟ್ಟೆ. ನಾಲ್ಕೈದು ದಿನ ಏನೂ ಆಗ್ಲಿಲ್ಲ, ನಾನೇ ಗೆದ್ದೆ ಅಂದ್ಕೊಂಡೆ, ಯಾಕಂದ್ರೆ ಇದರ ಪರಿಣಾಮ ನಿಧಾನಕ್ಕೆ ಏರುತ್ತೆ ನಿಧಾನಕ್ಕೇ ಇಳಿಯುತ್ತೆ ಅಂತ ಆಗ ಗೊತ್ತಿರ್ಲಿಲ್ಲ. ಒಂಬತ್ತನೇ ರಾತ್ರಿ ಹಾಸಿಗೆ ಮೇಲೆ ಎದ್ದು ಕೂತೋಳು ಬೆಳಗಾಗೋವರೆಗೂ ಮಲಗೋಕಾಗ್ಲಿಲ್ಲ, ಎದೆಯಲ್ಲಿ ಸುಯ್ ಸುಯ್ ಅಂತ ಶಬ್ದ, ಒಂದು ಮಾತು ಪೂರ್ತಿ ಆಡೋಕೂ ಉಸಿರಿಲ್ಲ.

ಡಾಕ್ಟ್ರು ಬೈಲಿಲ್ಲ, ಒಂದೇ ಪ್ರಶ್ನೆ ಕೇಳಿದ್ರು, "ಎಳ್ಕೊಂಡಾದ್ಮೇಲೆ ಬಾಯಿ ಮುಕ್ಕಳಿಸಿ ಉಗೀತೀರಾ?" ನೀರು ಕುಡೀತೀನಿ ಅಂದೆ. ಕುಡಿದ್ರೆ ಅದೇ ಔಷಧಿ ಹೊಟ್ಟೆಗೆ ಹೋಯ್ತಷ್ಟೇ! ನುಂಗಿದ ಬುಡೆಸೊನೈಡಲ್ಲಿ ಶೇಕಡಾ 90ರಷ್ಟನ್ನ ಲಿವರ್ ಮೊದಲ ಸುತ್ತಲ್ಲೇ ಮುಗಿಸಿಬಿಡುತ್ತಂತೆ, ಆದ್ರೂ ಬಾಯಲ್ಲಿ ಉಳಿದಿದ್ದು ಅಲ್ಲಿನ ರೋಗನಿರೋಧಕ ಶಕ್ತಿ ತಗ್ಗಿಸಿ ಕ್ಯಾಂಡಿಡಾ ಫಂಗಸ್‌ಗೆ ಜಾಗ ಮಾಡ್ಕೊಡುತ್ತೆ. ಬಿಳಿ ಪೊರೆ ಅದೇ. ಬಾಯಿಗೆ ಬಿಡೋ ಔಷಧಿ ಕೊಟ್ರು, ಮುಕ್ಕಳಿಸೋದು ಶುರು ಮಾಡ್ದೆ, ಎರಡು ವಾರದಲ್ಲಿ ಬಾಯಿ ಸರಿಹೋಯ್ತು. ಧ್ವನಿ ಮಾತ್ರ ಹಟ ಹಿಡೀತು. ಕೇಳಿದ್ರೆ, ಮುಕ್ಕಳಿಸಿದ ನೀರು ಧ್ವನಿಪೆಟ್ಟಿಗೆವರೆಗೂ ಇಳಿಯಲ್ಲ, ಹಾಗಾಗಿ ಅಲ್ಲಿ ಕೂತ ಪುಡಿ ತೊಳ್ಕೊಂಡು ಹೋಗಲ್ಲ, ಡಿವೈಸೇ ಬದಲಾಯಿಸೋಣ ಅಂದ್ರು.

ಬರೀ ಸ್ಪ್ರೇ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಒತ್ತೋ ಕ್ಷಣಕ್ಕೇ ಸರಿಯಾಗಿ ಉಸಿರು ಎಳೀಬೇಕು, ನಂಗೆ ಅದು ಬರ್ಲೇ ಇಲ್ಲ. ತಣ್ಣಗೆ ಗಂಟಲ ಹಿಂಭಾಗಕ್ಕೆ ಹೊಡೆದ ತಕ್ಷಣ ಉಸಿರು ಅಲ್ಲೇ ನಿಂತುಹೋಗೋದು, ಅರ್ಧ ಹೊಗೆ ಬಾಯಿಂದ ವಾಪಸ್. ಮೂರು ವಾರಕ್ಕೇ ಕೈಬಿಟ್ಟೆ.

ಕೈ ನಡುಕದ ವಿಷ್ಯ ಬೇರೆ, ಅದಕ್ಕೂ ಸ್ಟೀರಾಯ್ಡಿಗೂ ಸಂಬಂಧ ಇಲ್ಲ. ಇದಕ್ಕೆಲ್ಲಾ ಮುಂಚೆ ನಾನು ಬರೀ ನೀಲಿ ಇನ್‌ಹೇಲರ್, ಅಂದ್ರೆ ಉಸಿರು ಕಟ್ಟಿದಾಗ ಬೇಗ ಆರಾಮ ಕೊಡೋ ಸಾಲ್ಬುಟಮಾಲ್ ನಂಬ್ಕೊಂಡು ಬದುಕ್ತಿದ್ದೆ. ಒಂದಿನ ಬೇಗಬೇಗ ಆರೇಳು ಪಫ್ ಎಳೆದು ಮೊಬೈಲ್ ಲಾಕ್ ತೆಗೆಯೋಕೆ ಹೋದ್ರೆ ಬೆರಳು ಪ್ಯಾಟರ್ನ್ ಮೇಲೆ ನಿಲ್ಲಲ್ಲ, ಎದೆ ಢವಢವ, ರಾತ್ರಿ ಮೀನಖಂಡ ಹಿಡ್ಕೊಳ್ತು. ಈ ಔಷಧಿ ಶ್ವಾಸನಾಳ ಸಡಿಲ ಮಾಡೋಕೆ ಹಿಡಿಯೋ ಅದೇ ಥರದ ರಿಸೆಪ್ಟರ್, ಅಂದ್ರೆ ಔಷಧಿ ಹೋಗಿ ಕೂರೋ ಜಾಗ, ಕೈಕಾಲಿನ ಸ್ನಾಯುವಲ್ಲೂ ಇರುತ್ತೆ, ಜಾಸ್ತಿ ತಗೊಂಡ್ರೆ ಪೊಟ್ಯಾಶಿಯಂ ಕೂಡ ಇಳಿಯುತ್ತೆ. ಫಾರ್ಮೊಟೆರಾಲಲ್ಲೂ ಸ್ವಲ್ಪ ನಡುಕ ಇದೆ, ನಂಗೆ ಎರಡನೇ ವಾರಕ್ಕೆ ಗೊತ್ತೇ ಆಗ್ದಂಗೆ ಹೋಯ್ತು. ಬರೀ ನೀಲಿ ಇನ್‌ಹೇಲರ್ ಮೇಲೆ ಇರ್ಬೇಡಿ ಅಂತ ಅಂತಾರಾಷ್ಟ್ರೀಯ ಮಾರ್ಗಸೂಚಿ ಗಿನಾ 2019ರಲ್ಲೇ ಹೇಳಿದೆ, ನಂಗೆ ತಲುಪಿದ್ದು ತಡ.

ಈಗ ಸ್ಪೇಸರ್. ನೋಡೋಕೆ ಚೆಂದ ಇಲ್ಲ, ನೀರಿನ ಬಾಟಲಿ ಕತ್ತರಿಸಿ ಮಾಡಿದಂಗಿದೆ, ಬ್ಯಾಗಲ್ಲಿ ಅರ್ಧ ಜಾಗ ತಿನ್ನುತ್ತೆ. ಆದ್ರೆ ಸ್ಪ್ರೇ ಆ ಕೊಳವೆಯೊಳಗೆ ವೇಗ ಕಳ್ಕೊಳ್ಳುತ್ತೆ, ದಪ್ಪ ಹನಿಗಳು ಗಂಟಲ ಬದ್ಲು ಪ್ಲಾಸ್ಟಿಕ್‌ಗೇ ಅಂಟ್ಕೊಳ್ತವೆ, ನಾನು ಆರಾಮಾಗಿ ನಿಧಾನಕ್ಕೆ ಎಳೆದು ಹತ್ತು ಎಣಿಸೋವರೆಗೂ ಉಸಿರು ಹಿಡೀತೀನಿ. ಒಂದ್ಸಲಕ್ಕೆ ಒಂದೇ ಪಫ್, ಎರಡು ಒಟ್ಟಿಗೆ ಒತ್ತಿದ್ರೆ ವೇಸ್ಟು. ಐದನೇ ವಾರಕ್ಕೆ ಐದನೇ ಕ್ಲಾಸಲ್ಲೂ ಧ್ವನಿ ನಿಂತ್ಕೊಳ್ತು. ಅದೇ ಟೈಮಲ್ಲಿ ಡಾಕ್ಟ್ರು ಡೋಸನ್ನೂ ಇಳಿಸಿದ್ರು, ಹಾಗಾಗಿ ಕ್ರೆಡಿಟ್ ಪೂರ್ತಿ ಸ್ಪೇಸರ್‌ಗೇ ಕೊಡೋದು ನ್ಯಾಯ ಅಲ್ಲ, ಕೆಲವರಿಗೆ ಸ್ಪೇಸರ್ ಹಾಕಿದ್ರೂ ಧ್ವನಿ ಕಟ್ಟೋದು ಉಂಟಂತೆ.

ತೊಳೆಯೋದೊಂದು ರಗಳೆ. ಮೊದಲ ಸಲ ತೊಳೆದು ಬಟ್ಟೆಯಲ್ಲಿ ಫಳಫಳ ಒರೆಸಿಟ್ಟೆ, ಅದೇ ತಪ್ಪು, ಒರೆಸಿದ್ರೆ ಪ್ಲಾಸ್ಟಿಕ್‌ಗೆ ಸ್ಟ್ಯಾಟಿಕ್ ಬಂದು ಔಷಧಿಯನ್ನೆಲ್ಲಾ ಗೋಡೆಗೆ ಎಳ್ಕೊಳ್ಳುತ್ತೆ. ಸೋಪ್ ನೀರಲ್ಲಿ ಅದ್ದಿ ಹಾಗೇ ಒಣಗೋಕೆ ಬಿಡ್ಬೇಕು.

ಮೂಳೆ ಸವೆಯೋದು, ಕಣ್ಣಿಗೆ ಪೊರೆ ಬರೋದು, ಇವೆಲ್ಲಾ ಮುಖ್ಯವಾಗಿ ಹೆಚ್ಚಿನ ಡೋಸ್ ವರ್ಷಗಟ್ಟಲೆ ತಗೊಂಡೋರ ಚಿಂತೆ, ನಂದು ಕಡಿಮೆ ಡೋಸು. ಮಕ್ಕಳಿಗೆ ಕೊಡೋರು ಎತ್ತರದ ಬಗ್ಗೆ ಡಾಕ್ಟ್ರನ್ನ ಕೇಳ್ಕೊಳ್ಳಿ, ಸುಮಾರು 1 ಸೆಂಟಿಮೀಟರ್ ವ್ಯತ್ಯಾಸ ಆಗೋದು ಕಂಡುಬಂದಿದೆ, ಉಬ್ಬಸ ಹಾಗೇ ಬಿಟ್ರೆ ಅದಕ್ಕಿಂತ ದೊಡ್ಡ ಅಪಾಯ.

ದುಡ್ಡಿನ ಲೆಕ್ಕದಲ್ಲೂ ನಂಗೆ ಇದೇ ಸರಿ, ಸ್ಪೇಸರ್ ವಾಲ್ವ್ ಕೆಡೋವರೆಗೂ ಒಂದ್ಸಲದ ಖರ್ಚು. ದಿನಾ ಊರೂರು ಸುತ್ತೋರಿಗೆ, ಜೋರಾಗಿ ಎಳೆಯೋ ಶಕ್ತಿ ಇರೋರಿಗೆ ಪೌಡರೇ ಒಗ್ಗಬಹುದು, ಬೇಡ ಅನ್ನಲ್ಲ. ನಾನು ಮರೆಗುಳಿ. ಅದಕ್ಕೇ ಸ್ಪೇಸರ್ ಈಗ ಟೂತ್‌ಬ್ರಷ್ ಪಕ್ಕದಲ್ಲೇ ನಿಂತಿರುತ್ತೆ, ಮೊದಲು ಪಫ್ಫು, ಆಮೇಲೆ ಹಲ್ಲುಜ್ಜೋದು, ಹೇಗೂ ಉಗೀಲೇಬೇಕಲ್ಲ.