ಲೆನ್ಸ್ ಸ್ಪ್ಯಾನರ್ ಕೊಳ್ಳುವ ಮುನ್ನ ಅದರ ತುದಿ ನೋಡಿ

ಕ್ಯಾಮೆರಾ ಲೆನ್ಸ್ ಬಿಚ್ಚಲು ಬಳಸುವ ಎರಡು ಕಾಲಿನ ಉಪಕರಣ ಲೆನ್ಸ್ ಸ್ಪ್ಯಾನರ್. ಅದು ಎಷ್ಟು ಅಗಲಕ್ಕೆ ತೆರೆದುಕೊಳ್ಳುತ್ತದೆ ಎಂಬುದನ್ನೇ ಎಲ್ಲರೂ ಕೇಳುತ್ತಾರೆ. ಅಗಲ ಯಾವುದರಲ್ಲೂ ಸಾಕಷ್ಟಿರುತ್ತದೆ. ಕೆಲಸ ಕೆಡುವುದು ತುದಿಯಲ್ಲಿ.

ನಮ್ಮದು ತೀರ್ಥಹಳ್ಳಿಯ ಕಡೆ. ಮಳೆಗಾಲ ಹಿಡಿಯಿತೆಂದರೆ ಬೀರುವಿನಲ್ಲಿಟ್ಟ ಲೆನ್ಸಿನ ಒಳಗೂ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಸೋವಿಯತ್ ಕಾಲದ ಹೀಲಿಯೋಸ್ 44-2, ಜಪಾನಿನ ಟಾಕುಮಾರ್‌ಗಳಂಥ ಹಳೆಯ ಲೆನ್ಸ್‌ಗಳನ್ನು ಬಿಚ್ಚಿ ಒರೆಸುವುದು ನನಗೆ ಹವ್ಯಾಸ. ಗಾಜನ್ನು ಹಿಡಿದಿರುವ ಉಂಗುರದ ಎದುರುಬದುರು ಎರಡು ಕಚ್ಚುಗಳಿರುತ್ತವೆ. ಅವಕ್ಕೆ ತುದಿ ಕೂರಿಸಿ ತಿರುಗಿಸಬೇಕು.

ಮೊದಲು ನನ್ನಲ್ಲಿದ್ದದ್ದು ಕೈವಾರದಂತೆ ತೆರೆಯುವ ಮಾದರಿ. ಅಗಲಿಸಿದಷ್ಟೂ ಕಾಲುಗಳು ಓರೆಯಾಗುತ್ತವೆ, ತುದಿಯ ಒಂದು ಮೂಲೆ ಮಾತ್ರ ಕಚ್ಚಿಗೆ ತಾಗುತ್ತದೆ. ಅದನ್ನು ಕೊಳ್ಳಿ ಎಂದು ಯಾರಿಗೂ ಹೇಳಲಾರೆ. ಈಗಿನದು ಎರಡು ಸಮಾನಾಂತರ ಸರಳುಗಳ ಮೇಲೆ ಕಾಲುಗಳು ಜಾರುವಂಥದ್ದು. ಎಷ್ಟು ಅಗಲಿಸಿದರೂ ಕಾಲು ನೆಟ್ಟಗೆ ನಿಲ್ಲುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಮಾಲು, ಹೆಸರು ಕೂಡ ಕೆತ್ತಿಲ್ಲ.

ಇಂಥ ಒಳ್ಳೆಯ ವಿನ್ಯಾಸಕ್ಕೆ ಎಂಥ ತುದಿ ಕೊಟ್ಟಿದ್ದಾರೆ ನೋಡಿ! ಚಪ್ಪಟೆ ತುದಿಗಳು ದಪ್ಪ, ಅಂಚುಗಳು ಗುಂಡಗೆ. ಹಳೆಯ ಲೆನ್ಸಿನ ಸಣ್ಣ ಕಚ್ಚಿಗೆ ಅವು ಇಳಿಯುವುದೇ ಇಲ್ಲ, ಮೇಲೆ ಕೂರುತ್ತವೆ. ಬಲ ಹಾಕಿದರೆ ಜಾರಿ ನೇರವಾಗಿ ಗಾಜಿನ ಮೇಲೆ ಬರುತ್ತವೆ. ಸಾಲದ್ದಕ್ಕೆ ಕಾಲುಗಳನ್ನು ಬಿಗಿಯುವ ತಿರುಪುಗಳು ಒತ್ತಡಕ್ಕೆ ಸಡಿಲಾಗುತ್ತವೆ. ಗಾಜಿನ ಹತ್ತಿರ ಬಳಸುವ ಉಪಕರಣವನ್ನು ಹೀಗೆ ಅರೆಬರೆ ಮಾಡಿ ಮಾರುವುದು ಅನ್ಯಾಯ.

ಆದರೂ ಇಂದು ಅದು ನನ್ನ ಮೇಜಿನ ಮೇಲೆ ಸದಾ ಕೈಗೆ ಸಿಗುವಂತಿದೆ. ಕಾರಣ ಒಂದು ಸಣ್ಣ ವಜ್ರದ ಅರ. ತುದಿಯ ಎರಡೂ ಮಗ್ಗುಲನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ, ನಡುನಡುವೆ ಕಚ್ಚಿಗೆ ಇಟ್ಟು ನೋಡಿ, ಅಲುಗಾಡದೆ ತಳ ಮುಟ್ಟುವವರೆಗೆ ತೆಳ್ಳಗೆ ಮಾಡಿದೆ. ಅಂಚು ಚೌಕವಾಗಿಯೇ ಉಳಿಯಬೇಕು. ಅವಸರಕ್ಕೆ ಸಾಣೆ ಯಂತ್ರಕ್ಕೆ ಹಿಡಿದರೆ ತುದಿ ಕಾದು ನೀಲಿಗಟ್ಟಿ ಉಕ್ಕಿನ ಹದವೇ ಹೋಗುತ್ತದೆ. ಅಂದಿನಿಂದ ಈ ಸ್ಪ್ಯಾನರ್ ಬೇರೆಯದೇ ಆಗಿಬಿಟ್ಟಿದೆ.

ಬಿಚ್ಚುವ ಕ್ರಮವೂ ಈಗ ಕೈಗೆ ಕೂತಿದೆ. ರಬ್ಬರ್ ಹಾಸಿನ ಮೇಲೆ ಲೆನ್ಸ್ ಇಟ್ಟು, ಗಾಜಿನ ಅಳತೆಗೆ ಕತ್ತರಿಸಿದ ದಪ್ಪ ಕಾಗದವನ್ನು ಅದರ ಮೇಲೆ ಮುಚ್ಚುತ್ತೇನೆ. ಕಾಲುಗಳನ್ನು ಬೇಕಾದಷ್ಟೇ ಹೊರಗೆ ಬಿಡುತ್ತೇನೆ. ಉದ್ದ ಬಿಟ್ಟರೆ ಬಳುಕುತ್ತವೆ. ಉಂಗುರ ಅಲುಗದಿದ್ದರೆ ಅದರ ತಿರುಪುಸುತ್ತಿಗೆ ಹಚ್ಚಿದ ಬಣ್ಣ ಬಿಗಿಹಿಡಿದಿದೆ ಎಂದರ್ಥ. ಕಡ್ಡಿಯ ತುದಿಯಿಂದ ಬಣ್ಣ ಕರಗಿಸುವ ಅಸಿಟೋನ್ ಒಂದೇ ಹನಿ ಬಿಟ್ಟು ಕಾಫಿ ಕುಡಿದು ಬರುತ್ತೇನೆ. ಮತ್ತೆ ತಿರುಗಿಸುವಾಗ ಬಲದ ಹೆಚ್ಚಿನ ಪಾಲು ಕೆಳಕ್ಕೆ ಒತ್ತುವುದಕ್ಕೆ, ಉಳಿದದ್ದು ತಿರುಗಿಸುವುದಕ್ಕೆ. ಆಗ ಉಂಗುರ ಟಕ್ಕೆಂದು ಬಿಟ್ಟುಕೊಡುವುದು ಬೆರಳಿಗೆ ತಿಳಿಯುತ್ತದೆ. ಆ ಕ್ಷಣಕ್ಕಾಗಿಯೇ ನಾನು ಈ ಕೆಲಸಕ್ಕೆ ಕೂರುವುದು.

ಬಿಗಿಯುವ ತಿರುಪಿನ ದೂರು ಮಾತ್ರ ಹಾಗೇ ಇದೆ. ಪ್ರತಿ ಸಲ ಬಳಸುವ ಮುನ್ನ ಇಕ್ಕಳದಿಂದ ಅರೆಸುತ್ತು ಬಿಗಿಯಬೇಕು. ದಿನವೂ ರಿಪೇರಿ ಮಾಡುವವರು ಇದನ್ನು ಬಿಟ್ಟು, ದಪ್ಪ ಸರಳಿನ, ತುದಿ ಬದಲಿಸಬಹುದಾದ ದುಬಾರಿ ಸ್ಪ್ಯಾನರನ್ನೇ ಕೊಳ್ಳಲಿ. ನನ್ನಂತೆ ಬಿಡುವಿನಲ್ಲಿ ಮನೆಯ ಲೆನ್ಸ್ ಬಿಚ್ಚುವವರಿಗೆ ಇದು ಮತ್ತು ಒಂದು ಅರ ಸಾಕು. ಉಳಿದ ಹಣದಲ್ಲಿ ಜೆಐಎಸ್, ಅಂದರೆ ಜಪಾನಿನ ಮಾನಕದ, ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಜಪಾನಿನ ಹಳೆಯ ಕ್ಯಾಮೆರಾಗಳ ಸ್ಟಾರ್ ಸ್ಕ್ರೂಗಳ ತಲೆಯನ್ನು ನಮ್ಮಲ್ಲಿ ಸಾಮಾನ್ಯವಾದ ಫಿಲಿಪ್ಸ್ ಸ್ಕ್ರೂಡ್ರೈವರ್ ಕೆಡಿಸಿಬಿಡುತ್ತದೆ. ಲೆನ್ಸಿನ ಮುಂದೆ ಹೆಸರು ಬರೆದ ಉಂಗುರಕ್ಕೆ ಎಷ್ಟೋ ಸಲ ಕಚ್ಚೇ ಇರುವುದಿಲ್ಲ. ಅದಕ್ಕೆ ಸ್ಪ್ಯಾನರ್ ಬೇಡ, ಅಳತೆಗೆ ತಕ್ಕ ರಬ್ಬರ್ ಬಿರಡೆಯನ್ನು ಒತ್ತಿ ತಿರುಗಿಸಿ.